ಕೆರೆ ಅಂಗಳದ ಹಳೇ ತೊಟ್ಟಿಮನೆ ಹೋಂಸ್ಟೇ ಮಾಡೋದು: ಗೋಡೆ ತೇವ, ಶೌಚದ ನೀರು, ಇತಿಹಾಸದ ಬೋರ್ಡು

ಅಂಗಳದಮನೆ (ಪ್ರಶ್ನೆ)

ಹೆಸರಘಟ್ಟ ಹೋಬಳಿಯ ಒಂದು ಸಣ್ಣ ಊರಕೆರೆ ಪಕ್ಕದ ತೋಟದ ಮನೆ. ದುರಸ್ತಿ ಮಾಡಿಸಿ ಮೂರು ರೂಮು, ಹೆಚ್ಚೆಂದರೆ ಹತ್ತು ಜನ ಉಳಿಯುವ ಹಾಗೆ ಹೋಂಸ್ಟೇ ಮಾಡುವ ಉದ್ದೇಶ. ಮನೆ ಕೆರೆಯ ಏರಿಯ (ಕಟ್ಟೆಯ) ಕೆಳಗಿಲ್ಲ, ಕೆರೆಗೆ ನೀರು ಬಂದು ಸೇರುವ ಅಂಗಳದ ಕಡೆ ಇದೆ.

ಗೋಡೆ 18 ಇಂಚಿನ ಮಣ್ಣಿನದು, ಕೆಳಗೆ ನೆಲದಿಂದ ಎರಡಡಿ ಕಾಡುಗಲ್ಲಿನ ಕಟ್ಟಡ. ಹಿಂದೆ ಯಾವಾಗಲೋ ಒಳಗೂ ಹೊರಗೂ ನಾಲ್ಕಡಿ ಎತ್ತರಕ್ಕೆ ಸಿಮೆಂಟ್ ಪ್ಲಾಸ್ಟರ್ ಆಗಿದೆ, ಮೇಲೆ ಎಮಲ್ಶನ್ ಬಣ್ಣ. ಈಗ ಸಿಮೆಂಟ್ ಮುಗಿಯುವ ಗೆರೆಯ ಮೇಲೆ, ಐದಡಿಯ ಆಸುಪಾಸು, ಬಿಳಿ ಉಪ್ಪು ಅರಳಿ ಮಣ್ಣು ಪುಡಿಪುಡಿಯಾಗಿ ಉದುರುತ್ತಿದೆ. ತೊಟ್ಟಿ ಸುತ್ತ ಮಂಗಳೂರು ಹೆಂಚು, ಅಡುಗೆಮನೆ ಮೇಲೆ ಮದ್ರಾಸ್ ತಾರಸಿ (ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಕಾಂಕ್ರೀಟ್ ಹಾಕಿದ ಚಪ್ಪಟೆ ಛಾವಣಿ); ಅದು ಸೋರುತ್ತದೆ. ಬಾವಿಯಲ್ಲಿ ಏಪ್ರಿಲ್‌ನಲ್ಲಿ ನೀರು 25 ಅಡಿ ಕೆಳಗೆ, ಅಕ್ಟೋಬರ್‌ನಲ್ಲಿ 5 ಅಡಿಗೇ ಸಿಗುತ್ತದೆ. ಮನೆಯಿಂದ ಕೆರೆ ನೀರಿಗೆ 300 ಅಡಿ.

ಕೇಳಬೇಕಾದ್ದು ನಾಲ್ಕು. ಗೋಡೆಗೆ ಏನು ಮಾಡಬೇಕು? ಸೆಪ್ಟಿಕ್ ಟ್ಯಾಂಕ್, ಇಂಗುಗುಂಡಿ ಎಲ್ಲಿ? ಅನುಮತಿ ಏನೇನು? ಕೊನೆಯದು, ಬಂದವರಿಗೆ ಊರಿನ ಇತಿಹಾಸ ಹೇಳುವ ಬೋರ್ಡು ಹಾಕಬೇಕು. "ಕೆಂಪೇಗೌಡರ ಕಾಲದ ಕೆರೆ, 500 ವರ್ಷದ ಮನೆ" ಅಂತ ಬರೆಸಬಹುದೇ?

ಗಾರೆಗಾಣ

ಸಿಮೆಂಟ್ ಗೆರೆಯ ಮೇಲೆ ಉಪ್ಪು ಬಂದಿದೆ ಅಂದಿರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಮಣ್ಣಿನ ಗೋಡೆ ನೆಲದ ತೇವ ಹೀರೋದು ಹೊಸದಲ್ಲ. ಮೊದಲು ಆ ತೇವ ಕಲ್ಲಿನ ಮೇಲಿನ ಒಂದೆರಡು ಅಡಿಯಲ್ಲೇ ಗಾಳಿಗೆ ಆರಿ ಹೋಗ್ತಿತ್ತು. ಎರಡೂ ಕಡೆ ಸಿಮೆಂಟ್ ಮೆತ್ತಿದ ಮೇಲೆ ಆರೋಕೆ ಜಾಗ ಇಲ್ಲ, ಏರುತ್ತಾ ಹೋಗಿ ಸಿಮೆಂಟ್ ಎಲ್ಲಿ ಮುಗಿಯುತ್ತೋ ಅಲ್ಲಿ ಹೊರಗೆ ಬರುತ್ತೆ. ನೀರು ಆರುತ್ತೆ, ಉಪ್ಪು ಉಳಿಯುತ್ತೆ. ಆ ಉಪ್ಪು ಹರಳುಗಟ್ಟಿ ಉಬ್ಬುವಾಗ ಮಣ್ಣನ್ನೇ ಒಡೆಯುತ್ತೆ. ಇದನ್ನ ನೋಡಿ "ಸೂರಿನ ತನಕ ಸಿಮೆಂಟ್ ಎಳೆದುಬಿಡೋಣ ಸಾರ್" ಅನ್ನೋ ಮೇಸ್ತ್ರಿ ಸಿಕ್ಕೇ ಸಿಗ್ತಾರೆ. ಆಗ ಮುಂದಿನ ಸಲ ಉಪ್ಪು ಬರೋದು ತೊಲೆಯ ತುದಿ ಗೋಡೆಯಲ್ಲಿ ಕೂತಿರೋ ಜಾಗದಲ್ಲಿ.

ಮೊದಲು ತೇವ ಎಲ್ಲಿಂದ ಅಂತ ಖಾತ್ರಿ ಮಾಡ್ಕೊಳ್ಳಿ. ಉದ್ದಕ್ಕೂ ಒಂದೇ ಮಟ್ಟದಲ್ಲಿ ಉಪ್ಪಿನ ಗೆರೆ ಇದ್ದರೆ ನೆಲದ್ದು. ಹೊರಗೋಡೆಯ ಕೆಳಗಿನ ಒಂದೂವರೆ ಅಡಿ ಮಾತ್ರ ಕೆಂಪಗೆ ಒದ್ದೆ ಆಗಿದ್ದರೆ ಸೂರಿನ ನೀರು ಬಿದ್ದು ಸಿಡಿದದ್ದು. ಗೊತ್ತಾಗದಿದ್ದರೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಎರಡು ದಿನ ಗೋಡೆಗೆ ಅಂಟಿಸಿಡಿ. ಹಾಳೆಯ ಗೋಡೆ ಕಡೆ ಹನಿ ಇದ್ದರೆ ಗೋಡೆಯ ತೇವ, ರೂಮಿನ ಕಡೆ ಇದ್ದರೆ ಗಾಳಿಯ ತೇವ. ಎರಡನೆಯದಕ್ಕೆ ಕಿಟಕಿ ತೆಗೆದರೆ ಸಾಕು.

ಸಿಮೆಂಟ್ ತೆಗೆಯೋಕೆ ಬ್ರೇಕರ್ ಮೆಷಿನ್ ತರಿಸಲೇಬೇಡಿ, ಅದರ ನಡುಕಕ್ಕೆ ಮಣ್ಣಿನ ಗೋಡೆ ಒಳಗೇ ಬಿಡುತ್ತೆ. ಗ್ರೈಂಡರ್‌ನಲ್ಲಿ ಪ್ಲಾಸ್ಟರ್ ದಪ್ಪದಷ್ಟೇ, 12 ಮಿ.ಮೀ. ಆಳಕ್ಕೆ, ಒಂದಡಿ ಚೌಕಗಳಾಗಿ ಗೀರು ಹಾಕಿ, ಉಳಿಯನ್ನ ಓರೆಯಾಗಿ ಹಿಡಿದು ಮೇಲಿಂದ ಕೆಳಕ್ಕೆ ಎಬ್ಬಿಸಬೇಕು. ಕೆಳಗಿನ ಎರಡಡಿಗೆ ಬಂದಾಗ ಹುಷಾರು. ಹಿಂದೆ ಮಣ್ಣು ಕೆಸರಾಗಿರಬಹುದು, ಸಿಮೆಂಟ್ ಪದರವೇ ಗೋಡೆಯನ್ನ ಹಿಡಿದಿರಬಹುದು. ಆ ಭಾಗವನ್ನ ಒಂದು ಸಲಕ್ಕೆ ನಾಲ್ಕಡಿ ಉದ್ದಕ್ಕಿಂತ ಹೆಚ್ಚು ಬಿಚ್ಚಬೇಡಿ, ಮೇಲಿನ ತೊಲೆಗೆ ಊರೆ ಕೊಟ್ಟಿರಿ.

ಬಿಚ್ಚಿದ ಮೇಲೆ ಕಾಯಬೇಕು. ಎಲ್ಲರೂ ತಪ್ಪೋದು ಇಲ್ಲೇ. ದಪ್ಪ ಗೋಡೆ ಆರೋದಕ್ಕೆ ಇಂಚಿಗೆ ಒಂದು ತಿಂಗಳು ಅನ್ನೋದು ಅಂದಾಜು ಲೆಕ್ಕ. 18 ಇಂಚಿನ ಗೋಡೆ ಎರಡೂ ಕಡೆಯಿಂದ ಆರಿದರೆ ಒಂಬತ್ತು ತಿಂಗಳು. ಬೆಂಗಳೂರಲ್ಲಿ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆದ್ದರಿಂದ ನವೆಂಬರ್ ಕೊನೆಗೆ ಬಿಚ್ಚಿದರೆ ಮೇ ತನಕ ಆರು ತಿಂಗಳು ಸಿಗುತ್ತೆ. ಪೂರ್ತಿ ಅಲ್ಲ, ಆದರೆ ಉಸಿರಾಡುವ ಗಾರೆ ಹಾಕೋದಾದರೆ ಸಾಕು. ಈ ನಡುವೆ ಹೊರಬರುವ ಉಪ್ಪನ್ನ ಒಣ ಬ್ರಷ್‌ನಿಂದ ಕೆರೆದು ಮೊರದಲ್ಲಿ ಹಿಡಿದು ಆಚೆ ಚೆಲ್ಲಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತೆ.

ಹೋದ ಮಣ್ಣನ್ನ ಅದೇ ಜಾತಿಯ ಮಣ್ಣಿಂದ ತುಂಬಿ. ಗಾಜಿನ ಬಾಟಲಿಯ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿ ಒಂದು ದಿನ ಬಿಡಿ. ತಳದಲ್ಲಿ ಮರಳು, ನಡುವೆ ನವಿರು ಮಣ್ಣು, ಮೇಲೆ ಜೇಡಿ ಕೂರುತ್ತೆ. ಜೇಡಿ ಒಟ್ಟು ಎತ್ತರದ ಐದನೇ ಒಂದು ಭಾಗದ ಹತ್ತಿರ ಇದ್ದರೆ ಒಳ್ಳೇದು. ಕೆರೆ ಪಕ್ಕದಲ್ಲೇ ಇದೆ ಅಂತ ಹೂಳು ಎತ್ತಿ ತಂದು ಮೆತ್ತೋರಿದ್ದಾರೆ. ಹೂಳಲ್ಲಿ ಜೇಡಿ ವಿಪರೀತ, ಆರಿದ ಮೇಲೆ ಬೆರಳು ತೂರುವಷ್ಟು ಬಿರುಕು ಬಿಡುತ್ತೆ. ಗದ್ದೆಗೆ ಬಂಗಾರ, ಗೋಡೆಗೆ ಅಲ್ಲ. ಬಳಸಲೇಬೇಕಾದರೆ ಕೆಮ್ಮಣ್ಣು, ಮರಳು, ಎರಡಿಂಚಿಗೆ ಕತ್ತರಿಸಿದ ಹುಲ್ಲು ಸೇರಿಸಿ ಒಂದು ವಾರ ಕೊಳೆಹಾಕಿ ತುಳಿಯಬೇಕು.

ಈಗ ಗಾರೆ. ಸುಟ್ಟ ಸುಣ್ಣದ ಕಲ್ಲನ್ನ ನೀರಿಗೆ ಹಾಕಬೇಕು, ಕಲ್ಲಿನ ಮೇಲೆ ನೀರು ಸುರಿಯಬಾರದು. ಕುದ್ದು ಸಿಡಿದರೆ ಕಣ್ಣೇ ಹೋಗುತ್ತೆ, ಕನ್ನಡಕ ಹಾಕ್ಕೊಳ್ಳಿ. ಕಲ್ಲಿನ ಮೂರರಷ್ಟು ನೀರು. ಅರಳಿದ ಮುದ್ದೆಯನ್ನ ಸೋಸಿ, ಮೇಲೆ ನೀರು ನಿಂತಿರೋ ಹಾಗೆ ಕನಿಷ್ಠ ಮೂರು ವಾರ ಮುಚ್ಚಿಡಿ. ಅರಳದ ಕಾಳು ಉಳಿದರೆ ಗೋಡೆ ಮೇಲೆ ಬಂದ ನಂತರ ಅರಳಿ ಗುಳಿ ಹಾರಿಸುತ್ತೆ. ಚೀಲದ ಸುಣ್ಣದ ಪುಡಿ ಹಳತಾಗಿದ್ದರೆ ಅದು ಆಗಲೇ ಗಾಳಿ ಕುಡಿದು ಸತ್ತಿರುತ್ತೆ, ಹಿಡಿಯಲ್ಲ.

ಗೋಡೆಯ ಮೇಲ್ಭಾಗಕ್ಕೆ ಮುದ್ದೆ 1, ಮರಳು 3. ತೇವದ ಕೆಳಭಾಗಕ್ಕೆ ಬರೀ ಸುಣ್ಣ ಗಟ್ಟಿಯಾಗೋದು ನಿಧಾನ, ಅಲ್ಲಿ ಸುಣ್ಣ 1, ಸುರ್ಕಿ (ಇಟ್ಟಿಗೆ ಪುಡಿ) 1, ಮರಳು 2. ಮಣ್ಣಿಗೆ ಸುಣ್ಣ ಸುಲಭವಾಗಿ ಕಚ್ಚಲ್ಲ. ಮೊದಲು ಹುಲ್ಲು ಬೆರೆಸಿದ ಮಣ್ಣಿನ ಗಿಲಾಯಿ ಮಾಡಿ, ಹಸಿ ಇರುವಾಗಲೇ ಬಾಚಣಿಗೆಯಂತೆ ಗೀರು ಎಳೆದು, ಆರಿದ ಮೇಲೆ ನೀರು ಚಿಮುಕಿಸಿ ಸುಣ್ಣದ ಕೋಟು. 12 ಮಿ.ಮೀ. ಒಂದು, ಹತ್ತು ದಿನ ಬಿಟ್ಟು 8 ಮಿ.ಮೀ. ಇನ್ನೊಂದು. 100 ಚದರಡಿಗೆ 1:3 ಹದದಲ್ಲಿ ಸುಮಾರು 7 ಘನ ಅಡಿ ಮರಳು, 65 ಲೀಟರ್ ಮುದ್ದೆ ಬೇಕು. ಉದುರಿ ಹೋಗೋದಕ್ಕೆ ಹತ್ತನೇ ಒಂದು ಭಾಗ ಹೆಚ್ಚಿಗೆ ಇಟ್ಕೊಳ್ಳಿ. ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕೋದು ಹಳೇ ಪದ್ಧತಿ, ಗಾರೆ ಚೆನ್ನಾಗಿ ಎಳೆಯೋಕೆ ಬರುತ್ತೆ. ಬೆಲ್ಲ ಜಾಸ್ತಿಯಾದರೆ ಇರುವೆ ಸಾಲು, ಗಟ್ಟಿಯಾಗೋದೂ ತಡ. ಬಿಸಿಲು ಬೀಳೋ ಗೋಡೆಗೆ ಒದ್ದೆ ಗೋಣಿತಾಟು ಇಳಿಬಿಡಿ. ಮೇಲೆ ಸುಣ್ಣದ ತಿಳಿ ನಾಲ್ಕೈದು ಕೈ. ಎಮಲ್ಶನ್ ಹೊಡೆದರೆ ಇಷ್ಟೂ ಕೆಲಸ ನೀರಿಗೆ.

ಸೈಟ್_ಲೆವೆಲ್

ಇಷ್ಟೆಲ್ಲಾ ಬೇಕಾ? ಗೋಡೆ ಬುಡದಲ್ಲಿ ಅರ್ಧ ಅಡಿಗೊಂದು ತೂತು ಕೊರೆದು ಸಿಲೇನ್ ಕ್ರೀಮ್ (ನೀರು ತಡೆಯೋ ರಾಸಾಯನಿಕ) ಇಂಜೆಕ್ಟ್ ಮಾಡಿದರೆ ತೇವ ಏರೋದೇ ನಿಲ್ಲುತ್ತೆ. ಒಂದು ವಾರದ ಕೆಲಸ.

ಗಾರೆಗಾಣ

ಇಟ್ಟಿಗೆ ಗೋಡೆಗೆ ಸರಿ, ಅಲ್ಲಿ ಗಾರೆಯ ಸಾಲು ಒಂದೇ ಮಟ್ಟದಲ್ಲಿ ಉದ್ದಕ್ಕೂ ಸಿಗುತ್ತೆ, ಔಷಧ ಅದರಲ್ಲಿ ಹರಡಿ ತಡೆ ಆಗುತ್ತೆ. ಇವರದ್ದು ಕಾಡುಗಲ್ಲು. ಎರಡು ಮುಖಕ್ಕೆ ಕಲ್ಲು, ನಡುವೆ ಚಕ್ಕೆ, ಮಣ್ಣು, ಪೊಳ್ಳು. ಒಂದು ತೂತು ಕಲ್ಲಿಗೆ ಹೊಡೆಯುತ್ತೆ, ಪಕ್ಕದ್ದು ಪೊಳ್ಳಿಗೆ ಬೀಳುತ್ತೆ. ಅಲ್ಲಲ್ಲಿ ತಡೆ, ಅಲ್ಲಲ್ಲಿ ದಾರಿ. ಮಣ್ಣಿನ ಗೋಡೆಗೇ ಕೊರೆಯೋದಾದರೆ ಬುಡವನ್ನ ಜರಡಿ ಮಾಡಿದ ಹಾಗೆ.

ಅದೇ ದುಡ್ಡಲ್ಲಿ ಮನೆ ಸುತ್ತ ಚರಂಡಿ ಮಾಡಿಸಲಿ. ಗೋಡೆಯಿಂದ ಮೂರಡಿ ದೂರ, ಒಂದಡಿ ಅಗಲ, ಒಂದೂವರೆ ಅಡಿ ಆಳ. ಪಾಯದ ತಳಕ್ಕಿಂತ ಕೆಳಗೆ ಅಗೆಯಬಾರದು, ಪಾಯದ ಮಣ್ಣು ಜಾರುತ್ತೆ. ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಟ್ಟು ಮಣ್ಣು ತಡೆಯೋದು) ಹಾಸಿ 4 ಇಂಚಿನ ತೂತು ಪೈಪ್, 100 ಅಡಿಗೆ ಒಂದಡಿ ಇಳಿಜಾರು, ಸುತ್ತ 20 ಮಿ.ಮೀ. ಜಲ್ಲಿ. ಗೋಡೆಗೂ ಚರಂಡಿಗೂ ನಡುವೆ ಸಿಮೆಂಟ್ ಹಾಸು ಬೇಡ, ಆ ನೆಲವೂ ಆರಬೇಕು. ಹೊರಗಿನ ನೆಲ ಒಳನೆಲಕ್ಕಿಂತ ಕನಿಷ್ಠ ಅರ್ಧ ಅಡಿ ತಗ್ಗಿರಬೇಕು. ಹಳೇ ಮನೆಗಳಲ್ಲಿ ವರ್ಷ ವರ್ಷ ಮಣ್ಣು ಸೇರಿ ಅಂಗಳವೇ ಮೇಲೆ ಬಂದಿರುತ್ತೆ, ಕೆರೆದು ತೆಗೆಸಿ.

ತಾರಸಿ ಬಗ್ಗೆ ಒಂದೇ ಮಾತು: ಮೇಲೆ ಕಾಂಕ್ರೀಟ್ ಎಳೆಸಬೇಡಿ. ಎರಡಿಂಚಿನ ಕಾಂಕ್ರೀಟ್ ಅಂದರೆ ಚದರ ಮೀಟರ್‌ಗೆ 120 ಕೆ.ಜಿ. ಹೆಚ್ಚುವರಿ ಭಾರ, ಹೊರೋದು ಗೋಡೆಯೊಳಗೆ ತುದಿ ಕೊಳೆತಿರಬಹುದಾದ ತೊಲೆ. ಮೇಲಿನ ಚಪ್ಪಟೆ ಬಿಲ್ಲೆ ಎಬ್ಬಿಸಿ, ಸತ್ತ ಸುಣ್ಣದ ಕಾಂಕ್ರೀಟ್ ತೆಗೆದು, ಇಟ್ಟಿಗೆ ಚೂರು ಸುಣ್ಣದಲ್ಲೇ ಮತ್ತೆ ಬಡಿದು, ಬಿಲ್ಲೆ ಕೂರಿಸಿ. ತೊಲೆ ತುದಿಗೆ ದಬ್ಬಣ ಚುಚ್ಚಿ ನೋಡಿ; ಅರ್ಧ ಇಂಚು ಸಲೀಸಾಗಿ ಇಳಿದರೆ ಬದಲಾಯಿಸೋದೇ. ಗೆದ್ದಲಿಗೆ ಬೊರಾಕ್ಸ್, ಬೋರಿಕ್ ಆಸಿಡ್ ನೀರು ಹಚ್ಚಿ. ನೆಲಕ್ಕೆ ಕ್ಲೋರ್‌ಪೈರಿಫಾಸ್ ಕೀಟನಾಶಕ ಸುರಿಯೋದು ಬೇಡ, ಐದಡಿಗೆ ನೀರಿರೋ ಜಾಗ, ಅದು ಬಾವಿಗೂ ಕೆರೆಯ ಮೀನಿಗೂ ಹೋಗುತ್ತೆ. ಹೆಂಚು ಬದಲಾಯಿಸೋದಾದರೆ 100 ಚದರಡಿಗೆ ಸುಮಾರು 150 ಲೆಕ್ಕ ಹಾಕಿ.

ಕೋಡಿಮಟ್ಟ

ನಿಮ್ಮ 300 ಅಡಿ ಯಾವ ತಿಂಗಳಲ್ಲಿ ಅಳೆದದ್ದು? ಅಂಗಳದ ಕಡೆ ನೆಲ ತಟ್ಟೆಯಂತೆ ಇರುತ್ತದೆ, ನೀರು ಒಂದಡಿ ಏರಿದರೆ ದಡ ನೂರಡಿ ಹಿಂದಕ್ಕೆ ಬಂದರೂ ಬಂತು. ಅಳೆಯಬೇಕಾದ್ದು ದೂರವನ್ನಲ್ಲ, ಎತ್ತರವನ್ನು. ಕೆರೆ ತುಂಬಿದಾಗ ನೀರು ಹೊರಹೋಗುವ ಕೋಡಿಯ ತಲೆಮಟ್ಟ ಎಷ್ಟು, ಮನೆಯ ನೆಲ ಅದಕ್ಕಿಂತ ಎಷ್ಟು ಮೇಲಿದೆ ಅನ್ನೋದನ್ನು ಆಟೋ ಲೆವೆಲ್ (ಮಟ್ಟ ಅಳೆಯುವ ಸರ್ವೆ ಉಪಕರಣ) ಇಟ್ಟು ತೆಗೆಸಿ, ಅರ್ಧ ದಿನದ ಕೆಲಸ. ಕೆರೆ ಅಭಿವೃದ್ಧಿ ಕಾಮಗಾರಿಯಲ್ಲಿ ಕೋಡಿಗೆ ಒಂದೆರಡು ಅಡಿ ಕಾಂಕ್ರೀಟ್ ಏರಿಸಿದ್ದಾರೆಯೇ ನೋಡಿ. ಹೊಸ ಕಾಂಕ್ರೀಟು ಹಳೇ ಕಲ್ಲಿನ ಮೇಲೆ ಕೂತಿದ್ದರೆ ಕಣ್ಣಿಗೇ ಕಾಣುತ್ತದೆ. ಹಾಗಾಗಿದ್ದರೆ ಹಳಬರು ಹೇಳುವ "ನೀರು ಇಲ್ಲೀ ತನಕ ಬರ್ತಿತ್ತು" ಅನ್ನುವ ಗುರುತು ಈಗ ಲೆಕ್ಕಕ್ಕಿಲ್ಲ.

ಶೌಚದ ನೀರು. ಅಕ್ಟೋಬರ್‌ನಲ್ಲಿ ಐದಡಿಗೆ ನೀರು ಸಿಗುವ ನೆಲದಲ್ಲಿ ಇಂಗುಗುಂಡಿ ಎಂಬುದು ಬಾವಿಗೆ ನೇರವಾಗಿ ಬಿಟ್ಟ ಹಾಗೇ. ಗುಂಡಿಯ ತಳಕ್ಕೂ ಮಳೆಗಾಲದ ಅಂತರ್ಜಲಕ್ಕೂ ನಡುವೆ ಸುಮಾರು ಎರಡು ಮೀಟರ್ ಒಣ ಮಣ್ಣು ಇದ್ದರೆ ಮಾತ್ರ ಸೋಸುವಿಕೆ ನಡೆಯುತ್ತದೆ. ನಿಮ್ಮಲ್ಲಿ ಅದು ಇಲ್ಲ. ಆದ್ದರಿಂದ ನೆಲಕ್ಕೆ ಸೋರದ ಸೆಪ್ಟಿಕ್ ಟ್ಯಾಂಕ್, ಅದರ ನಂತರ ನೆಲಮಟ್ಟದಲ್ಲೇ ಗಿಡದ ಜಲ್ಲಿಪಾತಿ. ಬಾವಿಯಿಂದ 18 ಮೀಟರ್ ಆದರೂ ದೂರ, ಇಳಿಜಾರಿನ ಕೆಳಗೆ ಇರಲಿ.

ಹತ್ತು ಜನಕ್ಕೆ ಟ್ಯಾಂಕಿನ ಒಳಅಳತೆ 2 ಮೀಟರ್ ಉದ್ದ, 0.9 ಅಗಲ, ನೀರಿನ ಆಳ 1.4, ಮೇಲೆ 0.3 ಖಾಲಿ. ಎರಡು ವರ್ಷಕ್ಕೊಮ್ಮೆ ಕೆಸರು ತೆಗೆಸಬೇಕು. ಅಡುಗೆಮನೆ ನೀರು ಇದಕ್ಕೆ ಸೇರುವ ಮುನ್ನ ಎಣ್ಣೆ ಹಿಡಿಯುವ ಸಣ್ಣ ತೊಟ್ಟಿ ಬೇಕು, ವಾರಕ್ಕೊಮ್ಮೆ ಅದರ ಕೆನೆ ತೆಗೆಯಬೇಕು. ಪಾತಿ ತಲೆಗೆ ಎರಡು ಚದರ ಮೀಟರ್‌ನಂತೆ 20 ಚದರ ಮೀಟರ್. 8 ಮೀಟರ್ ಉದ್ದ, 2.5 ಅಗಲ, ಜಲ್ಲಿ 60 ಸೆಂ.ಮೀ. ಆಳ, ತಳಕ್ಕೆ ಸೋರದ ಹಾಳೆ ಅಥವಾ ಕಟ್ಟಡ. ನೀರು ಬರುವ ಮತ್ತು ಹೋಗುವ ತುದಿಯಲ್ಲಿ 40 ರಿಂದ 60 ಮಿ.ಮೀ. ದಪ್ಪ ಕಲ್ಲು, ನಡುವೆ 10 ರಿಂದ 20 ಮಿ.ಮೀ. ಜಲ್ಲಿ. ಹೊರಕೊಳವೆಯ ಎತ್ತರವನ್ನು ನೀರು ಯಾವಾಗಲೂ ಜಲ್ಲಿಯ ಮೇಲ್ಮೈಗಿಂತ 5 ಸೆಂ.ಮೀ. ಕೆಳಗೇ ನಿಲ್ಲುವಂತೆ ಹೊಂದಿಸಿ. ಮೇಲೆ ಬಂದರೆ ಸೊಳ್ಳೆ ಕಾರ್ಖಾನೆ. ಕಾಬಾಳೆ, ಜೊಂಡು, ಲಾವಂಚ ನೆಡಬಹುದು. ಕಟ್ಟಿಕೊಳ್ಳುವುದು ಮೊದಲು ಒಳಬರುವ ತುದಿಯ ದಪ್ಪ ಕಲ್ಲಿನಲ್ಲಿ, ಬಟ್ಟೆಯ ನಾರು ಮತ್ತು ಜಿಡ್ಡಿನಿಂದ. ಆರು ತಿಂಗಳಿಗೊಮ್ಮೆ ಆ ಅರ್ಧ ಮೀಟರ್ ಕಲ್ಲನ್ನಷ್ಟೇ ತೆಗೆದು ತೊಳೆದು ಹಾಕಿದರೆ ಸಾಕು. ಹೊರಬಂದ ನೀರು ಬಾಳೆಗೆ, ತೆಂಗಿಗೆ. ಕೆರೆಗೆ ಬೇಡ.

ರೆಡಿಮೇಡ್ ಪ್ಲಾಸ್ಟಿಕ್ ಟ್ಯಾಂಕ್ ಹೂಳುವ ಆಸೆ ಇದ್ದರೆ ಇದನ್ನೂ ಕೇಳಿ. 3,000 ಲೀಟರ್ ಟ್ಯಾಂಕನ್ನು ಅಕ್ಟೋಬರ್‌ನಲ್ಲಿ ಸಕ್ಕಿಂಗ್ ಗಾಡಿ ತರಿಸಿ ಖಾಲಿ ಮಾಡಿಸಿದರೆ ಸುತ್ತಲಿನ ನೀರು ಅದನ್ನು ಮೂರು ಟನ್ ಬಲದಲ್ಲಿ ಮೇಲಕ್ಕೆ ಒತ್ತುತ್ತದೆ. ಪೈಪ್ ಮುರಿದು ಟ್ಯಾಂಕ್ ಬೂದುಗುಂಬಳದ ಹಾಗೆ ತೇಲಿ ಎದ್ದು ಬರುತ್ತದೆ. ನೀರಿನೊಳಗಿನ ಕಾಂಕ್ರೀಟ್‌ನ ಒಂದು ಘನ ಮೀಟರ್ ಹಿಡಿದಿಡುವುದು ಸುಮಾರು 1,400 ಕೆ.ಜಿ. ಮಾತ್ರ, ಆದ್ದರಿಂದ ಬುಡಕ್ಕೆ ಎರಡು ಘನ ಮೀಟರ್‌ಗಿಂತ ಹೆಚ್ಚು ಕಾಂಕ್ರೀಟ್ ಕಟ್ಟಬೇಕಾಗುತ್ತದೆ. ಯಾವ ಟ್ಯಾಂಕೇ ಆಗಲಿ ಮಾರ್ಚ್, ಏಪ್ರಿಲ್‌ನಲ್ಲೇ ಖಾಲಿ ಮಾಡಿಸಿ.

ಬಾವಿ ನೀರನ್ನು ಎರಡು ಸಲ, ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ, ಪರೀಕ್ಷೆಗೆ ಕಳಿಸಿ. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಿದರೆ ಕುಡಿಯಲು ಕೊಡಬೇಡಿ. ಕುದಿಸಿದರೆ ಅದು ಹೋಗುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ.

ಪಹಣಿಪುಟ

ಅನುಮತಿ ವಿಷಯ ಚುಟುಕಾಗಿ. ಮೊದಲು ಕಂದಾಯ ಇಲಾಖೆಯ ಗ್ರಾಮ ನಕಾಶೆ ಇಳಿಸಿಕೊಳ್ಳಿ, ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ನೋಡಿ. ಅದು ಅಂದಾಜಿಗೆ ಮಾತ್ರ, ಗಡಿಗೆ ಸರ್ವೆಯರ್ ಬಂದು ಹದ್ದುಬಸ್ತು ಮಾಡಿಕೊಡಬೇಕು. ಕೆರೆ ಗಡಿ ಅಂದರೆ ಈಗ ನೀರು ನಿಂತಿರುವ ಜಾಗವಲ್ಲ, ಕೆರೆಯ ಸರ್ವೆ ನಂಬರಿನ ಗಡಿ. ಪಹಣಿಯಲ್ಲಿ "ಬ ಖರಾಬು" ಎಂದು ಗುಂಟೆಗಳಿದ್ದರೆ ಅದು ಸಾರ್ವಜನಿಕ ಜಾಗ, ಬಹಳ ಸಲ ಕಾಲುವೆಯೇ. ಅದರ ಮೇಲೆ ಪಾರ್ಕಿಂಗ್ ಹಾಕಿಸಬೇಡಿ.

ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ವ್ಯಾಪ್ತಿಯಾದರೆ 2015ರ ಮಹಾಯೋಜನೆಯಂತೆ ಕೆರೆಗೆ 30 ಮೀಟರ್, ರಾಜಕಾಲುವೆಗೆ ದರ್ಜೆ ನೋಡಿ 50, 25, 15 ಮೀಟರ್. ಕೆಲವರು ಇನ್ನೂ 75 ಮೀಟರ್ ಅನ್ನುತ್ತಾರೆ. ಅದು ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿದ್ದು, ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ತೆಗೆದುಹಾಕಿತು. ಈ ನಿಯಮಗಳು ಮತ್ತೆ ಮತ್ತೆ ತಿದ್ದುಪಡಿಗೆ ಬರುತ್ತಿರುತ್ತವೆ, ಅರ್ಜಿ ಹಾಕುವ ದಿನದ ಪ್ರತಿ ತೆಗೆದುಕೊಳ್ಳಿ. ಹೆಸರಘಟ್ಟ ಕಡೆಗೆ ಇನ್ನೊಂದು ಇದೆ: ತಿಪ್ಪಗೊಂಡನಹಳ್ಳಿ ಜಲಾನಯನದ ರಕ್ಷಣೆಗೆ ಸರ್ಕಾರ 18 ನವೆಂಬರ್ 2003ರಂದು ಹೊರಡಿಸಿದ ಆದೇಶ ಮತ್ತು ಅದರ ನಂತರದ ಬದಲಾವಣೆಗಳು. ನಿಮ್ಮ ಸರ್ವೆ ನಂಬರ್ ಅದರ ಯಾವ ವಲಯದಲ್ಲಿದೆ ನೋಡಿ.

ಕೃಷಿ ಜಮೀನಿನ ತೋಟದ ಮನೆಯಲ್ಲಿ ನೀವಿರಬಹುದು. ದುಡ್ಡು ತೆಗೆದುಕೊಂಡು ಅತಿಥಿಗಳನ್ನು ಇರಿಸುವುದಾದರೆ ಭೂ ಕಂದಾಯ ಕಾಯ್ದೆ 1964ರ ಕಲಂ 95ರ ಪರಿವರ್ತನೆ ಪ್ರಶ್ನೆ ಬಂದೇ ಬರುತ್ತದೆ. ಪ್ರವಾಸೋದ್ಯಮ ಇಲಾಖೆ ನೋಂದಣಿ, ಪೊಲೀಸ್ ಠಾಣೆ ನಿರಾಕ್ಷೇಪಣೆ ಬೇರೆ. ವಿದೇಶಿಯರು ಬಂದರೆ 24 ಗಂಟೆಯೊಳಗೆ ಅವರ ವಿವರವನ್ನು ವಿದೇಶಿಯರ ನೋಂದಣಿ ಕಚೇರಿಗೆ ಸಲ್ಲಿಸಬೇಕು.

ಬಿತ್ತುವಟ್ಟ

ಬೋರ್ಡಿನ ಎರಡೂ ಮಾತನ್ನು ಹೊಡೆದುಹಾಕಿ.

ಬೆಂಗಳೂರಿನ ಸುತ್ತ ಯಾವ ಕೆರೆ ತೋರಿಸಿದರೂ ಕೆಂಪೇಗೌಡರ ಹೆಸರು ಹೇಳುವುದು ರೂಢಿ. ಅವರು ಪೇಟೆ ಕಟ್ಟಿದ್ದು 1537ರಲ್ಲಿ. ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ಸುಮಾರು ಕ್ರಿ.ಶ. 750ರದು, ಗಂಗರ ಶ್ರೀಪುರುಷನ ಕಾಲ. ಬೆಂಗಳೂರು ಎಂಬ ಹೆಸರು ಬರುವ ಬೇಗೂರಿನ ಕಲ್ಲು ಸುಮಾರು 890ರದು. ಅಗರದ ಒಂಬತ್ತನೇ ಶತಮಾನದ ಶಾಸನ ಎರಡು ಕೆರೆಗಳಿಗೆ ತೂಬು (ಗದ್ದೆಗೆ ನೀರು ಬಿಡುವ ಬಾಯಿ) ಇಡಿಸಿ ಇನ್ನೊಂದು ಕೆರೆ ಕಟ್ಟಿಸಿದ್ದನ್ನು ಹೇಳುತ್ತದೆ. ಅಂದರೆ ಪೇಟೆಗಿಂತ ಆರೇಳು ನೂರು ವರ್ಷ ಮೊದಲೇ ಇಲ್ಲಿ ಕೆರೆ ಕಟ್ಟಿ ತೂಬಿಡುವ ಕೆಲಸ ನಡೆಯುತ್ತಿತ್ತು. ಇತ್ತ ನಿಮ್ಮ ಅತಿಥಿಗಳು ದಾರಿಯಲ್ಲಿ ನೋಡಿಕೊಂಡು ಬರುವ ಹೆಸರಘಟ್ಟದ ದೊಡ್ಡ ಜಲಾಶಯ ಇದೆಯಲ್ಲ, ಅದು 1894ರದು. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಊರೊಳಗಿನ ಕೆರೆಗಳು ಪೇಟೆಗೂ ದಂಡಿಗೂ (ಕಂಟೋನ್ಮೆಂಟ್) ಸಾಲದಾಗಿ, ಅರ್ಕಾವತಿಗೆ ಅಡ್ಡ ಕಟ್ಟಿದ್ದು. ಚಾಮರಾಜೇಂದ್ರ ವಾಟರ್ ವರ್ಕ್ಸ್ ಎಂದು ಹೆಸರು. ಅಲ್ಲಿಂದ ನೀರು ಸೋಲದೇವನಹಳ್ಳಿಗೆ ಬಂದು, ಪಂಪು ಮಾಡಿ ನಗರಕ್ಕೆ ಹೋಗುತ್ತಿತ್ತು. ಅದೂ ಸಾಲದಾದಾಗ 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ. ಊರಕೆರೆ ಮತ್ತು ಈ ಜಲಾಶಯ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಬೋರ್ಡುಗಳು ಆ ಕಡೆ ಕಡಿಮೆಯೇನಿಲ್ಲ. ಒಂದು ಗದ್ದೆಗೆ ನೀರು ಕೊಡಲು ಕಟ್ಟಿದ್ದು, ಇನ್ನೊಂದು ನಲ್ಲಿಗೆ.

ನಿಮ್ಮ ಕೆರೆಯ ವಯಸ್ಸಿಗೆ ದಾಖಲೆ ಹುಡುಕುವುದು ಹೀಗೆ. ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ ಒಂಬತ್ತನೇ ಸಂಪುಟ, ಬಿ.ಎಲ್. ರೈಸ್ ಸಂಪಾದಿಸಿದ್ದು, 1905. ಬೆಂಗಳೂರು, ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ಆನೇಕಲ್, ಮಾಗಡಿ ಎಲ್ಲಾ ಅದರಲ್ಲೇ ಬರುತ್ತವೆ. ತಾಲ್ಲೂಕುವಾರು ನಂಬರ್ ಹಾಕಿದ್ದಾರೆ, ಆಗಿನ ತಾಲ್ಲೂಕು ಗಡಿ ಈಗಿನದಲ್ಲ, ಹಾಗಾಗಿ ಪಕ್ಕದ ತಾಲ್ಲೂಕಿನ ಪಟ್ಟಿಯನ್ನೂ ನೋಡಿ. ನಿಮ್ಮ ಊರು, ಸುತ್ತಲ ನಾಲ್ಕು ಊರಿನ ಶಾಸನಗಳಲ್ಲಿ ಕೆರೆ, ತೂಬು, ಬಿತ್ತುವಟ್ಟ, ಕೊಡಗೆ ಎಂಬ ಪದಗಳನ್ನು ಹುಡುಕಿ. ಬಿತ್ತುವಟ್ಟ, ಕೊಡಗೆ ಎಂದರೆ ಕೆರೆ ಕಟ್ಟಿದವರಿಗೆ, ನೋಡಿಕೊಳ್ಳುವವರಿಗೆ ಬಿಟ್ಟ ಭೂಮಿ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಲ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ, ಅಲ್ಲೂ ವಿಚಾರಿಸಿ. ಊರ ಹೆಸರಲ್ಲಿ "ಸಂದ್ರ" ಇದ್ದರೆ ಅದು ಸಮುದ್ರ, ಅಂದರೆ ಕೆರೆಯೇ. ಬೊಮ್ಮಸಂದ್ರ, ಸಿಂಗಸಂದ್ರ ಇದ್ದ ಹಾಗೆ.

ಏನೂ ಸಿಗದಿದ್ದರೆ ವಯಸ್ಸು ಬರೆಯಬೇಡಿ, ಕೆರೆಯನ್ನೇ ತೋರಿಸಿ. ಏರಿಯ ಒಳಮೈಯಲ್ಲಿ ಎರಡು ನಿಲುವುಗಲ್ಲು, ಮೇಲೆ ಅಡ್ಡಗಲ್ಲು ಕಾಣುತ್ತದಲ್ಲ, ಅದು ತೂಬು. ಕೆಳಗಿನ ಹಾಸುಗಲ್ಲಿನಲ್ಲಿ ತೂತು, ಅದಕ್ಕೆ ಮರದ ಬಿರಡೆ. ಬಿರಡೆ ಎಷ್ಟು ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದು ನೀರಗಂಟಿಯ ಕೆಲಸ. 1961ರ ಗ್ರಾಮ ಕಚೇರಿಗಳ ರದ್ದತಿ ಕಾಯ್ದೆಯಲ್ಲಿ ಹಳ್ಳಿಯ ವಂಶಪಾರಂಪರ್ಯದ ಹುದ್ದೆಗಳೆಲ್ಲ ಹೋದವು. ಎಷ್ಟೋ ಊರಲ್ಲಿ ತೂಬಿನ ಬಾಯಿ ಈಗ ಹೂಳಿನಲ್ಲಿ ಮುಚ್ಚಿಹೋಗಿದೆ, ಅಚ್ಚುಕಟ್ಟು (ಕೆರೆ ನೀರಿನ ಗದ್ದೆಬಯಲು) ಬಡಾವಣೆಯಾಗಿದೆ. ಏರಿ ಮೇಲಿನ ಗಂಗಮ್ಮನ ಗುಡಿ, ಕೋಡಿ ಬಿದ್ದಾಗ ಬಾಗಿನ ಬಿಡುವ ಜಾಗ, ಇವನ್ನು ಬೋರ್ಡಿನ ನಕ್ಷೆಯಲ್ಲಿ ಗುರುತಿಸಿ. ನನ್ನ ಪ್ರಕಾರ ಅತಿಥಿಗಳು ನಡೆದು ಹೋಗಿ ಮುಟ್ಟಿ ನೋಡಬಹುದಾದ ಒಂದು ತೂಬು ಹತ್ತು ರಾಜರ ಹೆಸರಿಗಿಂತ ಮೇಲು.

ಮನೆಯ ವಯಸ್ಸನ್ನು ಮನೆಯೇ ಹೇಳುತ್ತದೆ. ಹೆಂಚನ್ನು ತಿರುಗಿಸಿ ಮುದ್ರೆ ಓದಿ. ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ, ಹಾಗಾಗಿ ಆ ಛಾವಣಿ ಅದಕ್ಕಿಂತ ಹಿಂದಿನದಲ್ಲ. ಮುದ್ರೆಯಲ್ಲಿ ಕಾಮನ್‌ವೆಲ್ತ್ ಎಂಬ ಕಂಪನಿ ಹೆಸರಿದ್ದರೆ ಮೊದಲ ಮಹಾಯುದ್ಧದ ನಂತರದ್ದು. ತಾರಸಿಯಲ್ಲಿ ಕಬ್ಬಿಣದ ತೊಲೆ ಇದ್ದು ಟಾಟಾ ಮುದ್ರೆ ಇದ್ದರೆ 1912ರ ಈಚಿನದು, ಅವರ ಮೊದಲ ಉಕ್ಕು ಬಂದದ್ದೇ ಆಗ. ರೆಡ್ ಆಕ್ಸೈಡ್ ನೆಲ ಸಿಮೆಂಟ್ ಬಂದ ಮೇಲಿನದು. ಆದರೆ ಛಾವಣಿ, ನೆಲ ಬದಲಾಗಿರಬಹುದು, ಗೋಡೆ ಹಳತಿರಬಹುದು. ಬೋರ್ಡಿನಲ್ಲಿ "ಛಾವಣಿ 1865ರ ನಂತರದ್ದು" ಎಂದೇ ಬರೆಯಿರಿ, ಮನೆಗೆ ಅಂತ ಒಂದೇ ವರ್ಷ ಕೊಡಬೇಡಿ.

ಅಂಗಳದಮನೆ

ಬಹಳ ಉಪಯೋಗವಾಯಿತು. 300 ಅಡಿ ಅಳೆದದ್ದು ಮಾರ್ಚ್‌ನಲ್ಲಿ, ತಪ್ಪು ಅರ್ಥವಾಯಿತು. ಕೋಡಿ ಮೇಲೆ ಹೊಸ ಕಾಂಕ್ರೀಟ್ ಇರುವುದೂ ನಿಜ, ಲೆವೆಲ್ ತೆಗೆಸುತ್ತೇನೆ.

ಇನ್ನೊಂದು ಪ್ರಶ್ನೆ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು ಇದೆ, ಸುಮಾರು ಐದಡಿ ಉದ್ದ, ಎರಡೂವರೆ ಅಗಲ, ಎಂಟಿಂಚು ದಪ್ಪ. ಅಡಿಯಲ್ಲಿ ಕೈ ಹಾಕಿದರೆ ಕೆತ್ತನೆ ತಾಗುತ್ತದೆ. ಅಂಚಿನಲ್ಲಿ ಕುದುರೆ ಮತ್ತು ಬಿಲ್ಲು ಕಾಣುತ್ತದೆ, ಅದರ ಮೇಲೆ ಅಕ್ಷರದ ಹಾಗೆ ಏನೋ. ಎತ್ತಿ ತೊಳೆದು ಬಾಗಿಲ ಪಕ್ಕ ನಿಲ್ಲಿಸಬಹುದೇ?

ಬಿತ್ತುವಟ್ಟ

ಇವತ್ತಿನಿಂದ ಅದರ ಮೇಲೆ ಒಗೆಯುವುದು ನಿಲ್ಲಿಸಿ. ವೀರಗಲ್ಲು ಇರುವ ಹಾಗಿದೆ. ಸಾಮಾನ್ಯವಾಗಿ ಮೂರು ಪಟ್ಟಿಕೆ: ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗದ ಮುಂದೆ ಕೂತ ವೀರ, ಜೊತೆಗೆ ಸೂರ್ಯ ಚಂದ್ರ. ಬರಹ ಪಟ್ಟಿಕೆಗಳ ನಡುವಿನ ಅಡ್ಡಪಟ್ಟಿಯಲ್ಲೋ ಕೆತ್ತನೆಯ ಸುತ್ತಲೋ ಇರುತ್ತದೆ. ದಾನದ ಕಲ್ಲಾಗಿದ್ದರೆ ಕೊನೆಗೆ ಶಾಪದ ಶ್ಲೋಕವೂ ಇರಬಹುದು: ಕೊಟ್ಟದ್ದನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟುತ್ತಾನೆ ಅಂತ. ಕೆರೆ ಒತ್ತುವರಿದಾರರಿಗೆ ಓದಿ ಹೇಳಲು ಚೆನ್ನಾಗಿದೆ.

ನೀವು ಕೊಟ್ಟ ಅಳತೆಗೆ ಕಲ್ಲಿನ ತೂಕ 600 ಕೆ.ಜಿ. ಮೀರುತ್ತದೆ. ಜೆಸಿಬಿ ಬಕೆಟ್ಟು, ಸರಪಳಿ ಎರಡೂ ಬೇಡ, ಅಂಚಿನ ಅಕ್ಷರ ಹಾರಿಹೋಗುತ್ತದೆ. ಎತ್ತುವ ಮುಂಚೆ ಪುರಾತತ್ವ ಇಲಾಖೆಗೋ ಶಾಸನ ಓದುವವರಿಗೋ ತಿಳಿಸಿ. ಆಮೇಲೆ ನಾಲ್ಕು ಜನ, ಮರದ ಸನ್ನೆ, ಅಗಲ ಪಟ್ಟಿಯ ಬೆಲ್ಟು, ಕೆಳಗೆ ಮರಳಿನ ಚೀಲ. ಈಗ ಅಡಿಯಾಗಿರುವ ಮುಖವನ್ನು ಬರೀ ನೀರು, ಮೆತ್ತನೆ ನಾರಿನ ಬ್ರಷ್‌ನಿಂದ ತೊಳೆಯಿರಿ. ಆಸಿಡ್, ಸೋಪಿನ ಪುಡಿ, ತಂತಿ ಬ್ರಷ್ ಮುಟ್ಟಿಸಬೇಡಿ. ಎಣ್ಣೆ, ಅರಿಶಿನ, ಎನಾಮೆಲ್ ಬಣ್ಣ ಬಳಿಯುವುದು ಊರಲ್ಲಿ ಭಕ್ತಿ, ಆದರೆ ಅಕ್ಷರದ ಗೀರು ತುಂಬಿ ಓದಲು ಆಗದಂತಾಗುತ್ತದೆ. ಸುಣ್ಣದ ಪುಡಿ, ಮೈದಾ ಸವರಿ ಓದುವ ಅಭ್ಯಾಸವೂ ಬೇಡ.

ಬಾಗಿಲ ಪಕ್ಕ ಸಿಮೆಂಟಿನಲ್ಲಿ ನೆಡಬೇಡಿ. ಕೆಳಗಿನ ಸಾಲು ಹೂತುಹೋಗುತ್ತದೆ, ಮತ್ತೆ ತೆಗೆಯಲು ಒಡೆಯಬೇಕಾಗುತ್ತದೆ. ಹಿತ್ತಲಲ್ಲೇ ಜಲ್ಲಿ ಹಾಸಿನ ಮೇಲೆ, ಸೂರಿನ ನೀರು ಬೀಳದ ಕಡೆ, ಹಿಂದೆ ಎರಡು ಕಲ್ಲುಕಂಬದ ಆಸರೆ ಕೊಟ್ಟು ನಿಲ್ಲಿಸಿ. ಫೋಟೋ ತೆಗೆಯುವುದು ಕತ್ತಲಾದ ಮೇಲೆ. ಕ್ಯಾಮೆರಾ ನೇರ ಎದುರಿಗೆ ಸ್ಟ್ಯಾಂಡ್ ಮೇಲೆ, ಫ್ಲಾಶ್ ಇಲ್ಲ. ಟಾರ್ಚನ್ನು ಕಲ್ಲಿನ ಮೈಗೆ ಬಹುತೇಕ ತಾಗಿಸಿದಂತೆ ಪಕ್ಕದಿಂದ ಹಿಡಿಯಿರಿ, ಎಡದಿಂದ ಒಂದು, ಬಲದಿಂದ ಒಂದು, ಮೇಲಿಂದ ಒಂದು. ಅಡ್ಡ ಗೆರೆಗಳು ಮೇಲಿನ ಬೆಳಕಿಗೆ, ನಿಲುವು ಗೆರೆಗಳು ಪಕ್ಕದ ಬೆಳಕಿಗೆ ಎದ್ದು ಕಾಣುತ್ತವೆ. ಮೂಲೆಯಲ್ಲಿ ಒಂದು ಅಡಿಪಟ್ಟಿ ಇಟ್ಟು ಪ್ರತಿ ಸಾಲಿನದೂ ಬೇರೆ ಬೇರೆ ಫೋಟೋ ತೆಗೆದು ಇಲ್ಲೇ ಹಾಕಿ.